ಕೆಮ್ಮಿದವರು ಕೆರೆ ಬಿಡಬೇಕು

ಹುಲ್ಲುಗಾವಲು ಮುಗಿದು ಕಾಡು ಶುರುವಾಗುವ ಕಡೆ ಒಂದು ಕೆರೆ ಇದೆ ಮಕ್ಕಳೇ. ಕೆರೆ ಒಂದೇ, ದಡ ಮೂರು. ಕೆಸರಿನ ದಡ ಕಾಡುಹಂದಿಗಳದ್ದು. ಹುಲ್ಲಿನ ದಡ ಜಿಂಕೆಗಳದ್ದು. ಅತ್ತಿಮರದ ದಡ ಮುಸುವಗಳದ್ದು. ಮುಸುವ ಅಂದರೆ ಗೊತ್ತಲ್ಲ, ಮುಖಕ್ಕೆ ಮಸಿ ಬಳಿದುಕೊಂಡ ಹಾಗಿರುವ ಉದ್ದ ಬಾಲದ ಕೋತಿ.

ಮೂರು ದಡವೂ ಮೂರು ದೇಶ ಇದ್ದ ಹಾಗೆ. ಒಬ್ಬರ ದಡಕ್ಕೆ ಇನ್ನೊಬ್ಬರು ಕೇಳದೆ ಕಾಲಿಡುವಂತಿಲ್ಲ. ನೀರು ಮಾತ್ರ ಯಾರನ್ನೂ ಕೇಳದೆ ಮೂರೂ ಕಡೆ ಓಡಾಡಿಕೊಂಡಿತ್ತು.

ಒಂದು ಬೇಸಿಗೆಯಲ್ಲಿ ಅಲ್ಲಿಗೆ ಕೆಟ್ಟ ಕೆಮ್ಮು ಬಂತು. ಎಲ್ಲರ ಹಿಂಡಲ್ಲೂ ಕೆಲವರು ಸತ್ತರು. ಮಳೆ ಬಿದ್ದ ಮೇಲೆ ಕೆಮ್ಮು ತಾನಾಗಿ ಹೋಯಿತು. ಅದು ಹೋದದ್ದೇ ತಡ, ಎಲ್ಲರಿಗೂ ಧೈರ್ಯ ಬಂತು. ಧೈರ್ಯ ಬಂದ ಮೇಲೆ ಸಭೆ ಸೇರಿದರು.

ಸಭೆಯಲ್ಲಿ ಜೋರಾಗಿ ಮಾತಾಡಿದವನು ಹಂದಿಗಳ ಯಜಮಾನ ದಂತಪ್ಪ. ಅವನ ಎಡಗಡೆಯ ಕೋರೆ ಬಲಗಡೆಯದಕ್ಕಿಂತ ಒಂದು ಗೇಣು ಉದ್ದ. ಅದು ಎಲ್ಲರಿಗೂ ಕಾಣಲಿ ಅಂತ ಯಾವಾಗಲೂ ಓರೆಯಾಗಿ ನಿಂತೇ ಭಾಷಣ ಮಾಡುತ್ತಿದ್ದ.

"ಮತ್ತೆ ಕೆಮ್ಮು ಬಂದರೆ ಒಂದೇ ಕಟ್ಟಳೆ," ಅಂದ. "ಯಾವ ಹಿಂಡಲ್ಲಿ ಕೆಮ್ಮು ಕಾಣುತ್ತೋ ಆ ಹಿಂಡು ಅವತ್ತೇ ಕೆರೆ ಬಿಡಬೇಕು. ಮುದುಕರು, ಮರಿಗಳು, ಎಲ್ಲಾ ಸೇರಿ."

"ಬಿಟ್ಟು ಎಲ್ಲಿಗೆ ಹೋಗೋದು?" ಎಂದಳು ಜಿಂಕೆಗಳ ಹಿರಿಯಳು ಚುಕ್ಕಮ್ಮ. "ಇನ್ನೊಂದು ನೀರು ಸಿಗಬೇಕಾದ್ರೆ ಎರಡು ದಿನ ನಡೀಬೇಕು."

"ಅದು ಕೆಮ್ಮಿದವರ ತಲೆನೋವು."

ಬೋಗುಣಿ ತಾತ ಅಂತ ಒಂದು ಮುದಿ ಆಮೆ. ಅದು ಮೆಲ್ಲಗೆ ಕತ್ತು ಹೊರಗೆ ಹಾಕಿತು. "ಹಂಗಾದ್ರೆ ಕೆಮ್ಮು ಬಂದೋರು ಬಂದು ಹೇಳ್ತಾರೇನಪ್ಪಾ?"

"ತಾತಾ, ನೀನು ಕತ್ತು ಒಳಗೆ ಎಳ್ಕೋ, ಶೀತ ಆದೀತು," ಎಂದ ಮುಸುವಗಳ ನಾಯಕ ಮಸಿಯಣ್ಣ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುವಿನಲ್ಲೇ ಕಟ್ಟಳೆ ಪಾಸಾಯಿತು.

ಮುಂದಿನ ಬೇಸಿಗೆ ಬಂತು. ಒಂದು ದಿನ ಬೆಳಿಗ್ಗೆ ಹಂದಿಗಳೆಲ್ಲ ಕೆಸರಿನಲ್ಲಿ ಹೊರಳಾಡುತ್ತಿದ್ದವು. ದಂತಪ್ಪನ ಕೊನೆಯ ಮರಿ ಗೀರಿ, ಮೈಮೇಲಿನ ಮರಿಗೀರುಗಳು ಇನ್ನೂ ಮಾಸಿರದ ಪುಟ್ಟ ಹೆಣ್ಣುಮರಿ, "ಖೊಕ್" ಅಂದಿತು.

"ರೀ, ಮಗು ಕೆಮ್ತು," ಎಂದಳು ಅವನ ಹೆಂಡತಿ ಕೆಸರವ್ವ.

"ಇಲ್ಲ."

"ನಾನೇ ಕೇಳಿಸ್ಕೊಂಡೆ."

"ಕೆಸರು ನುಂಗಿರಬೇಕು ಕಣೇ."

"ಖೊಕ್ ಖೊಕ್," ಅಂದಿತು ಗೀರಿ, ಅಪ್ಪನಿಗೆ ಉತ್ತರ ಕೊಟ್ಟ ಹಾಗೆ.

ದಂತಪ್ಪ ಮರಿಯ ಕಾಲು ನೋಡಿದ. ಹುಲ್ಲುಕಡ್ಡಿಯಂಥ ಕಾಲು. ಎರಡು ದಿನದ ದಾರಿ, ಅದೂ ಬಿಸಿಲಿನಲ್ಲಿ. ಅರ್ಧ ದಿನಕ್ಕೇ ಮುಗಿಯಿತು ಕತೆ. ಕಟ್ಟಳೆ ಮಾಡುವಾಗ ಈ ಕಾಲು ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಅವನು ಹಿಂಡನ್ನು ಹತ್ತಿರ ಕರೆದು ಪಿಸುಗುಟ್ಟಿದ. "ನೋಡ್ರೋ, ಮಗು ಕೆಮ್ಮಿದಾಗೆಲ್ಲ ನೀವೆಲ್ಲ ಒಟ್ಟಿಗೆ ಗುರ್ ಅನ್ನಬೇಕು. ಕೆಮ್ಮು ಆಚೆ ದಡಕ್ಕೆ ಕೇಳಿಸಬಾರದು."

ಹಂದಿಗಳಿಗೆ ಗುರ್ ಅನ್ನುವುದು ಕಲಿಸಬೇಕೇ? ಗೀರಿ ಖೊಕ್ ಅಂದರೆ ಸಾಕು, ನಲವತ್ತು ಮೂತಿಗಳು "ಗುರ್ರ್!" ಅನ್ನುತ್ತಿದ್ದವು. ಕೆರೆಯ ಕಪ್ಪೆಗಳು ಮೂರು ಮಾರು ಹಾರುತ್ತಿದ್ದವು.

"ಏನ್ ದಂತಪ್ಪಣ್ಣಾ, ಭಾರೀ ಗಲಾಟೆ?" ಅತ್ತಿಮರದಿಂದ ಮಸಿಯಣ್ಣ ಕೂಗಿದ.

"ಶಿಸ್ತು ಕಣಯ್ಯಾ, ಶಿಸ್ತು. ನಿಮ್ಮಂಥ ಕೋತಿಗಳಿಗೆ ಗೊತ್ತಾಗಲ್ಲ."

"ಓಹೋ!" ಅಂದವನೇ ಮಸಿಯಣ್ಣ ಯಾಕೋ ಕೊಂಬೆ ಹಿಡಿದು ಗದಗದ ಅಲುಗಿಸತೊಡಗಿದ. ಅವನ ಹಿಂಡೂ ಅಲುಗಿಸಿತು. ಅಷ್ಟರಲ್ಲಿ ಹುಲ್ಲಿನ ದಡದಿಂದ ಜಿಂಕೆಗಳು "ಹುಲಿ! ಹುಲಿ!" ಅಂತ ಕೂಗಿಕೊಂಡವು. ಆ ದಿನ ನಾಲ್ಕು ಸಲ ಕೂಗಿದವು. ಒಂದು ಸಲವೂ ಹುಲಿ ಬರಲಿಲ್ಲ. ದಂತಪ್ಪ ತನ್ನ ಗಲಾಟೆಯಲ್ಲೇ ಮುಳುಗಿದ್ದರಿಂದ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಮೂರನೇ ದಿನ ಗೀರಿ ಹಾಲು ಕುಡಿಯುವುದನ್ನು ಬಿಟ್ಟಿತು.

"ಹೋಗಿ ಆಡುಸೋಗೆ ಸೊಪ್ಪು ತನ್ನಿ," ಎಂದಳು ಕೆಸರವ್ವ. "ಕೆಮ್ಮಿಗೆ ಅದೊಂದೇ ಮದ್ದು. ಜಿಂಕೆ ದಡದ ಹಿಂದೆ ಪೊದೆ ಇದೆ."

"ಅದನ್ನ ಕೇಳಿದ್ರೆ ಕೆಮ್ಮು ಅಂತ ಗೊತ್ತಾಗಿಬಿಡುತ್ತಲ್ಲೇ!"

"ಕೇಳದಿದ್ರೆ ಮಗು ಉಳಿಯಲ್ಲ. ನಿಮಗೆ ಯಾವುದು ಬೇಕು?"

ದಂತಪ್ಪ ಕೋರೆ ತಗ್ಗಿಸಿಕೊಂಡು ಹೊರಟ. ಹುಲ್ಲಿನ ದಡದಲ್ಲಿ ಚುಕ್ಕಮ್ಮ ಅಡ್ಡ ನಿಂತಳು.

"ಏನ್ ಯಜಮಾನ್ರು ಈ ಕಡೆ?"

"ಗೆಡ್ಡೆ ಹುಡುಕೋಕೆ."

"ಇಲ್ಲಿ ಗೆಡ್ಡೆ ಇಲ್ಲವಲ್ಲ."

"ಇಲ್ಲ ಅಂತ ನೋಡ್ಕೊಂಡು ಹೋಗೋಕೇ ಬಂದೆ."

ಚುಕ್ಕಮ್ಮ ದಾರಿ ಬಿಟ್ಟಳು. ದಂತಪ್ಪ ಪೊದೆಯ ಹತ್ತಿರ ಹೋಗಿ ನೋಡಿದರೆ ಸೊಪ್ಪೇ ಇಲ್ಲ! ಬರೀ ಕಡ್ಡಿ. ಕೆಳಗಿನ ಎಲೆಗಳನ್ನು ಹಲ್ಲಿನಿಂದ ಕಚ್ಚಿ ಎಳೆದಿದ್ದರು. ಮೇಲಿನ ರೆಂಬೆಗಳನ್ನು ಕೈಯಿಂದ ಲಟಲಟ ಮುರಿದಿದ್ದರು. ಆಡುಸೋಗೆ ಎಂಥ ಕಹಿ ಅಂದರೆ, ಕೆಮ್ಮಿಲ್ಲದವರು ಅದನ್ನು ಮೂಸಿಯೂ ನೋಡುವುದಿಲ್ಲ.

ದಂತಪ್ಪನಿಗೆ ಹುಲಿಯ ಕೂಗು ನೆನಪಾಯಿತು. ಕೊಂಬೆ ಅಲುಗಿಸಿದ್ದೂ ನೆನಪಾಯಿತು. ತಿರುಗಿ ನೋಡಿದ. ಚುಕ್ಕಮ್ಮ ಹಿಂದೆಯೇ ಬಂದು ನಿಂತಿದ್ದಳು, ಒಬ್ಬಳೇ.

"ಚುಕ್ಕಮ್ಮಾ, ನಿನ್ನ ಮರಿ ಎಲ್ಲಿ?"

ಅವಳು ಹುಲ್ಲಿನ ಕಡೆ ನೋಡಿದಳು. "ಮೊನ್ನೆ ಹೋಯ್ತು."

"ಕೆಮ್ಮಾ?"

"ಹೂಂ. ಸೊಪ್ಪು ಎಷ್ಟು ತಿನ್ನಿಸಬೇಕು ಅಂತ ನಮಗೆ ಗೊತ್ತಿರಲಿಲ್ಲ. ತಾತನಿಗೆ ಗೊತ್ತಿತ್ತು. ಕೇಳೋ ಹಾಗಿರಲಿಲ್ಲ."

"ಯಾಕೆ ಹೇಳಲಿಲ್ಲಮ್ಮಾ?"

"ಹೇಳಿದ್ರೆ ನೀವು ಹಿಂಡನ್ನೇ ಓಡಿಸ್ತಿದ್ರಿ. ಒಂದು ಮರಿಗೋಸ್ಕರ ಉಳಿದ ಇಪ್ಪತ್ತನ್ನ ಕೊಡೋಕಾಗುತ್ತಾ?"

ದಂತಪ್ಪ ಸೀದಾ ನೀರಿನ ಅಂಚಿಗೆ ಹೋಗಿ ಬಂಡೆ ಹತ್ತಿದ. ಈ ಸಲ ಓರೆಯಾಗಿ ನಿಲ್ಲಲಿಲ್ಲ. "ಎಲ್ಲರೂ ಕೇಳಿ! ನನ್ನ ಮರಿಗೆ ಕೆಮ್ಮು. ಮೂರು ದಿನ ಆಯ್ತು."

"ಕಟ್ಟಳೆ! ಕಟ್ಟಳೆ!" ಮಸಿಯಣ್ಣ ಮರದ ಮೇಲೆ ಕುಣಿದ. "ನೀನೇ ಮಾಡಿದ್ದಲ್ವಾ? ಹೊರಡಪ್ಪಾ, ಮೂಟೆ ಕಟ್ಟು!"

"ಹೊರಡ್ತೀನಿ. ಆಡುಸೋಗೆಯ ಮೇಲಿನ ರೆಂಬೆ ಮುರಿದ ಕೈ ಯಾರದ್ದು ಅಂತ ಹೇಳಿಬಿಡು, ಹೊರಡ್ತೀನಿ. ನನಗಂತೂ ಕೈ ಇಲ್ಲ."

ಮಸಿಯಣ್ಣ ಉತ್ತರ ಕೊಡಲು ಬಾಯಿ ತೆರೆದ. ಬಾಯಿಂದ ಬಂದದ್ದು ಮಾತಲ್ಲ, ಕೆಮ್ಮು. ಬಾಯಿಗೆ ಬಾಲ ಅಡ್ಡ ಹಿಡಿದ. ಕೆಮ್ಮು ನಿಲ್ಲಲಿಲ್ಲ. ಹಂದಿಗಳು ಅಭ್ಯಾಸಬಲದಿಂದ "ಗುರ್ರ್!" ಅಂದವು.

ಯಾರೂ ನಗಲಿಲ್ಲ. ಮೂರು ದಡದಲ್ಲೂ ಅದುಮಿಟ್ಟುಕೊಂಡಿದ್ದ ಕೆಮ್ಮೆಲ್ಲ ಒಂದೊಂದಾಗಿ ಹೊರಗೆ ಬಂತು.

ಮಸಿಯಣ್ಣ ಮರದ ಪೊಟರೆಗೆ ಕೈ ಹಾಕಿ ಬಚ್ಚಿಟ್ಟಿದ್ದ ಸೊಪ್ಪಿನ ಕಂತೆ ಎಳೆದ. "ನಮ್ಮ ಮರಿಗಳಿಗೆ ಅಂತ ಇಟ್ಟಿದ್ದೆ," ಅಂದ, ಮುಖ ಎತ್ತದೆ. ಬೋಗುಣಿ ತಾತ ಯಾರಿಗೆ ಎಷ್ಟೆಲೆ ಅಂತ ಹೇಳಿಕೊಟ್ಟಿತು. ಹೆಚ್ಚು ಸೋತವರಿಗೆ ಮೊದಲು. ಕೆಮ್ಮಿದವರೆಲ್ಲ, ಯಾವ ಹಿಂಡಿನವರಾದರೂ ಸರಿ, ಕೋಡಿಯ ಕೆಳಗಿನ ಹೊಂಡದಲ್ಲಿ ಬೇರೆಯಾಗಿ ನೀರು ಕುಡಿಯಬೇಕು ಅಂತಾಯಿತು. ಎಂಟು ದಿನಕ್ಕೆ ಗೀರಿ ಎದ್ದು ಅಮ್ಮನ ಕಿವಿ ಕಚ್ಚಿತು.

ಹೊಸ ಕಟ್ಟಳೆಯನ್ನು ಚುಕ್ಕಮ್ಮ ಹೇಳಿದಳು. "ಕೆಮ್ಮು ಬಂದವರು ಬಂದು ಹೇಳಲಿ. ಹೇಳಿದವರಿಗೆ ಸೊಪ್ಪು ಕೊಡಬೇಕು. ಬೈಗುಳ ಕೊಡಬಾರದು. ಅಷ್ಟೇ."

ಪೊದೆ ಮತ್ತೆ ಚಿಗುರಿದ ದಿನ ಬಂಡೆಯ ಮುಂದೆ ಹನ್ನೊಂದು ಪ್ರಾಣಿಗಳು ಸಾಲಾಗಿ ನಿಂತವು. ಅದರಲ್ಲಿ ಎರಡು ಮುಸುವಗಳಿಗೆ ಕೆಮ್ಮೇ ಇರಲಿಲ್ಲ. ಬಿಟ್ಟಿ ಸಿಗುತ್ತದೆ ಅಂತ ಬಂದಿದ್ದವು. ಚುಕ್ಕಮ್ಮ ಅವಕ್ಕೂ ಒಂದೊಂದು ಎಲೆ ಕೊಟ್ಟಳು. ಅಗಿದ ಮೇಲೆ ಅವುಗಳ ಮೂತಿ ನೋಡಬೇಕಿತ್ತು!

ದಂತಪ್ಪ ಹೊಟ್ಟೆ ಹುಣ್ಣಾಗುವಂತೆ ನಕ್ಕ. "ನೋಡಿದ್ಯಾ ಚುಕ್ಕಮ್ಮಾ, ಎಂಥಾ ಸಾಲು!"

"ನೋಡ್ತಾ ಇದ್ದೀನಿ," ಎಂದಳು ಚುಕ್ಕಮ್ಮ. "ಈ ಸಾಲು ಅವತ್ತೇ ಇದ್ದಿದ್ರೆ ಎಲ್ಲರಿಗಿಂತ ಮುಂದೆ ನಾನೇ ನಿಂತಿರ್ತಿದ್ದೆ."

ದಂತಪ್ಪನ ನಗು ಅಲ್ಲಿಗೇ ನಿಂತಿತು.

ನೀತಿ: ರೋಗ ಬಂತೆಂದು ಹೇಳಿದವರನ್ನು ಓಡಿಸಿದರೆ ರೋಗ ಓಡಿಹೋಗುವುದಿಲ್ಲ, ಹೇಳುವವರು ಇಲ್ಲವಾಗುತ್ತಾರೆ.