ಹಾಡು ಕೇಳಿದವರ ಜಾಡು

ಮಂಜು ಪೂರ್ತಿ ಕರಗದ ಒಂದು ಕಾಡಿನಲ್ಲಿ ಬೆಳಗಾಗುತ್ತಿದ್ದುದೇ ಹಾಡಿನಿಂದ. ಕೆರೆಯ ಜೀವಿಗಳಿಗೆ ಒಂದು ಮುದಿ ಕಪ್ಪೆ ಸುದ್ದಿ ಹಾಡುತ್ತಿತ್ತು. ಹುಲ್ಲಿನೊಳಗಿನ ಪುಟ್ಟ ಜೀವಗಳಿಗೆ ಮಿಡತೆ ಹಾಡುತ್ತಿತ್ತು. ಪೊದೆಗಳಲ್ಲಿ ಇರುವವರಿಗೆ ತುಂಗಿ ಎಂಬ ಪಿಕಳಾರ ಹಕ್ಕಿ. ಎಲ್ಲಿ ನೀರು ಬಂದಿದೆ, ಯಾವ ದಾರಿಯಲ್ಲಿ ಉರುಳು ಒಡ್ಡಿದ್ದಾರೆ, ಎಲ್ಲವೂ ಅವರವರ ಮಾತಿನಲ್ಲೇ ತೇಲಿ ಬರುತ್ತಿತ್ತು. ಅರೆನಿದ್ದೆಯಲ್ಲಿದ್ದ ಮರಿಗಳು ಅದನ್ನು ಕನಸೆಂದೇ ತಿಳಿಯುತ್ತಿದ್ದವು.

ಆದರೆ ಹೊತ್ತೇರುವ ತನಕ ಹಾಡಿದವರಿಗೆ ಹೊಟ್ಟೆಗೆ ಹುಡುಕಲು ಹೊತ್ತೇ ಉಳಿಯುತ್ತಿರಲಿಲ್ಲ. ತುಂಗಿ ದಿನೇ ದಿನೇ ಸೊರಗಿತು. ಇದನ್ನು ಕೆಂಚ ಎಂಬ ನರಿ ಗಮನಿಸಿತು. ಬಾಯಿ ತುಂಬ ನೇರಳೆ ಹಣ್ಣು ತಂದು ತುಂಗಿಯ ಮುಂದೆ ಇಟ್ಟಿತು.

"ಹಾಡೋದು ನಿನ್ನ ಕೆಲಸ, ತಂಗಿ. ಹೊಟ್ಟೆಯ ಚಿಂತೆ ನನಗಿರಲಿ. ಕೇಳೋಕೆ ಯಾರು ಬಂದರು, ಯಾವ ಕಡೆಯಿಂದ ಬಂದರು, ಅಷ್ಟು ಹೇಳಿದರೆ ಸಾಕು" ಎಂದಿತು.

ಅದರಲ್ಲೇನು ತಪ್ಪು ಎಂದು ತುಂಗಿಗೆ ಅನ್ನಿಸಿತು. ಹೇಳಿತು. ಹೀಗೇ ಹೊಟ್ಟೆಗೆ ಸಿಕ್ಕ ಮೇಲೆ ಕಪ್ಪೆಯೂ ಮಿಡತೆಯೂ ಹೇಳಿದವು. ಕೆಂಚ ಎಲ್ಲರ ಗೂಡು, ಬಿಲ, ದಾರಿಗಳನ್ನು ತಲೆಯಲ್ಲಿ ತುಂಬಿಕೊಂಡು ನೇರ ಚಿರತೆಯ ಬಳಿಗೆ ಹೋಗುತ್ತಿತ್ತು. ಚಿರತೆ ತಿಂದು ಬಿಟ್ಟ ಮಾಂಸ ಕೆಂಚನ ಪಾಲು.

ಒಂದು ಮುಂಜಾನೆ ಮೊಲವೊಂದು ಹಾಡು ಕೇಳಿ ಮರಳಿದಾಗ ಬಿಲದ ಬಾಯಲ್ಲಿ ಚಿರತೆ ಕಾದು ಕುಳಿತಿತ್ತು. ಮರಿಗಳು ಹೇಗೋ ಉಳಿದವು. ಮೊಲ ಅರ್ಧ ಕಿವಿ ಕಳೆದುಕೊಂಡಿತು. ರಕ್ತ ಒರೆಸಿಕೊಳ್ಳದೆಯೇ ತುಂಗಿಯ ಬಳಿ ಬಂದು, ತನ್ನ ಮನೆ ಚಿರತೆಗೆ ಹೇಗೆ ಗೊತ್ತಾಯಿತು ಎಂದು ಕೇಳಿತು. ಕೆಂಚನಿಗೆ ಹೇಳಿದ್ದನ್ನೆಲ್ಲ ತುಂಗಿ ಒಪ್ಪಿಕೊಂಡಿತು. ಇಬ್ಬರೂ ಹೋಗಿ, ಎಲ್ಲರೂ ದೊಡ್ಡವ್ವ ಎಂದು ಕರೆಯುವ ಹಿರಿ ಆನೆಗೆ ನಡೆದುದನ್ನು ತಿಳಿಸಿದರು.

ದೊಡ್ಡವ್ವನಿಗೆ ಸಿಟ್ಟು ಬಂತು. ಕೇಳುವವರ ಬಗ್ಗೆ ಯಾರೂ ವಿಚಾರಿಸಕೂಡದು, ಹಾಡುವವರಿಗೆ ಯಾರೂ ಏನೂ ಕೊಡಕೂಡದು ಎಂದು ಕಟ್ಟಪ್ಪಣೆ ಮಾಡಿತು.

ಕೆಂಚ ಒಳಗೊಳಗೇ ನಕ್ಕಿತು. ಅದಕ್ಕೆ ಬೇಕಾದುದೆಲ್ಲ ಆಗಲೇ ತಲೆಯಲ್ಲಿತ್ತು. ಇತ್ತ ಮಿಡತೆಯ ದನಿ ಅಡಗಿತು. ಕಪ್ಪೆ ಹೊಟ್ಟೆಪಾಡಿಗೆಂದು ಬೇರೆ ಕೆರೆಗೆ ಹೋಯಿತು. ತುಂಗಿಗೆ ಕೊಂಬೆಯ ಮೇಲೆ ಕೂರುವ ತ್ರಾಣವೂ ಉಳಿಯಲಿಲ್ಲ. ಮೌನವಾದ ಮಂಜಿನಲ್ಲಿ ಕೆಂಚ ಬಂಡೆಯೇರಿ ತಾನೇ ಸುದ್ದಿ ಹೇಳತೊಡಗಿತು, ಬಿದಿರ ಹಾದಿಯಲ್ಲಿ ಅಪಾಯವಿಲ್ಲ ಎಂದಿತು. ಬೇರೆ ದನಿಯೇ ಇಲ್ಲದ ಕಾರಣ ಜಿಂಕೆಗಳು ಅದನ್ನು ನಂಬಿ ಬಿದಿರ ಹಾದಿಯಲ್ಲಿ ಹೋದವು. ಅಲ್ಲಿ ಚಿರತೆ ಇತ್ತು. ಒಂದು ಜಿಂಕೆ ಮರಳಲಿಲ್ಲ.

ಆಗ ಮೊಲ ಮತ್ತೆ ದೊಡ್ಡವ್ವನ ಮುಂದೆ ನಿಂತಿತು.

"ನನ್ನ ಮನೆ ಗುಟ್ಟಾಗಿರಬೇಕು, ದೊಡ್ಡವ್ವ. ತುಂಗಿಯೂ ಹಾಡಬೇಕು. ನನಗೆ ಎರಡೂ ಬೇಕು."

ಕಿವಿ ಹರಿದ ಮೊಲವೇ ಹಾಗೆ ಹೇಳಿದಾಗ ದೊಡ್ಡವ್ವ ಎಲ್ಲರನ್ನೂ ಮತ್ತೆ ಕರೆಸಿತು. ಆಮೇಲೆ ಅಪ್ಪಣೆಯನ್ನು ತಿದ್ದಿತು. ಕೇಳುವವರ ಜಾಡು ಕೇಳುವಂತಿಲ್ಲ, ಆ ಮಾತು ಹಾಗೇ ಉಳಿಯಿತು. ಹಾಡುವವರಿಗೆ ಮಾತ್ರ ಎಲ್ಲರ ಕಣ್ಣೆದುರು ಯಾರು ಬೇಕಾದರೂ ಉಣಿಸಬಹುದು. ಒಂಟಿಯಾಗಿ ಬೇಸತ್ತಿದ್ದ ಮಂಗಟ್ಟೆ ಹಕ್ಕಿ, ತನ್ನ ಅತ್ತಿಮರಕ್ಕೆ ಎಲ್ಲರೂ ಬರಲಿ ಎಂದು ಹಾಡಿನ ಕೊನೆಗೆ ಸಾರಿದರೆ ಹಣ್ಣು ಕೊಡುತ್ತೇನೆ ಎಂದಿತು. ಸಾರಬಹುದು, ಆದರೆ ಯಾರು ಕೇಳಿದರು ಎಂದು ನೀನೂ ಕೇಳಬಾರದು ಎಂದಿತು ದೊಡ್ಡವ್ವ. ಮಂಗಟ್ಟೆ ಒಪ್ಪಿತು. ಕೈಲಾದವರು ಕಾಳು ತಂದರು. ಆಗದವರು ಸುಮ್ಮನೆ ಕೇಳಿದರು.

ಈ ನಡುವೆ ಎಲ್ಲರೂ ಬಿಲ, ದಾರಿಗಳನ್ನು ಬದಲಿಸಿಬಿಟ್ಟಿದ್ದರು. ಅದು ಕೆಂಚನಿಗೆ ತಿಳಿಯಲಿಲ್ಲ. ಕೊಬ್ಬಿದ ಮೊಲ ಇಲ್ಲೇ ಇದೆ ಎಂದು ಚಿರತೆಯನ್ನು ಮೊಲವೊಂದು ಬಿಟ್ಟುಹೋಗಿದ್ದ ಹಳೆಯ ಬಿಲಕ್ಕೆ ಕರೆತಂದಿತು. ಚಿರತೆ ಮೂತಿ ತೂರಿಸಿತು. ಒಳಗೆ ಮುಳ್ಳುಹಂದಿ ಮಲಗಿತ್ತು. ಮೂತಿಯ ತುಂಬ ಮುಳ್ಳು ಚುಚ್ಚಿಸಿಕೊಂಡ ಚಿರತೆ ನೋವಿನಿಂದ ಅಬ್ಬರಿಸುತ್ತ ಕೆಂಚನ ಬೆನ್ನುಹತ್ತಿತು. ಬಾಲದ ತುದಿಯನ್ನು ಅದರ ಬಾಯಲ್ಲೇ ಬಿಟ್ಟು ಓಡಿದ ನರಿ ಮತ್ತೆ ಆ ಕಾಡಿಗೆ ಕಾಲಿಡಲಿಲ್ಲ.

ಮರುದಿನ ಬೆಳಗ್ಗೆ ಮೊದಲು ಮಿಡತೆಯ ದನಿ ಕೇಳಿತು. ಆಮೇಲೆ ಕೆರೆಯ ಕಡೆಯಿಂದ, ಮರಳಿ ಬಂದಿದ್ದ ಕಪ್ಪೆಯದು. ಕೊನೆಗೆ ತುಂಗಿ, ಮೆಲ್ಲಗೆ. ಮೊಲ ಎಲ್ಲೋ ಕುಳಿತು ಕೇಳುತ್ತಿತ್ತು. ಎಲ್ಲಿ ಎಂದು ತುಂಗಿಗೂ ತಿಳಿದಿರಲಿಲ್ಲ.

ನೀತಿ: ಸುದ್ದಿ ಹೇಳುವವರ ಹೊಟ್ಟೆಯೂ ತುಂಬಬೇಕು, ಕೇಳುವವರ ಗುಟ್ಟೂ ಉಳಿಯಬೇಕು, ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಟ್ಟರೆ ಗೆಲ್ಲುವವನು ವಂಚಕನೇ.