ಗೆಜ್ಜೆ ವ್ಯಾಪಾರಿಯ ಆರಾಮ

"ಗುರುಗಳೇ, ನಮಗೆ ಒಳ್ಳೆಯದು ಮಾಡುತ್ತಿರುವವರಿಗೆ, 'ನೀವು ಮಾಡಿದ್ದರಿಂದಲೇ ನನಗೆ ತೊಂದರೆಯಾಗುತ್ತಿದೆ' ಎಂದು ಹೇಳುವುದು ಕೃತಘ್ನತೆಯಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖವನ್ನು ನೋಡಿದರು. ಆಮೇಲೆ ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಗೆಜ್ಜೆ, ಗಂಟೆ ಮಾರುತ್ತಿದ್ದ. ಗೆಜ್ಜೆಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಕೂದಲೆಳೆಯಷ್ಟು ಬಿರುಕಿದ್ದರೂ ಅವನಿಗೆ ತಿಳಿಯುತ್ತಿತ್ತು. ಬಯಲಾಟದವರು ದೂರದ ಊರುಗಳಿಂದ ಅವನ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನ ಸರಕು ಬೇರೆ ಅಂಗಡಿಗಳಲ್ಲೂ ಇತ್ತು. ಅವನ ಕಿವಿ ಬೇರೆಲ್ಲೂ ಇರಲಿಲ್ಲ.

ಆದರೆ ಮನುಷ್ಯ ಪರಮ ಸಂಕೋಚದವನು. ಊಟಕ್ಕೆ ಕರೆದವರ ಮನೆಯ ಸಾರಿಗೆ ಉಪ್ಪೇ ಬೀಳದಿದ್ದರೂ ಎರಡನೇ ಸಲ ಹಾಕಿಸಿಕೊಂಡು ಉಣ್ಣುವವನು. ಇಂಥವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಕೆಟ್ಟ ಅಡುಗೆಯವರು ಇನ್ನೂ ಉಳಿದುಕೊಂಡಿರುವುದೇ ಅವರ ದಯೆಯಿಂದ.

ಒಮ್ಮೆ ಅವನಿಗೆ ಮೂತ್ರದ ಸೋಂಕು ರಕ್ತಕ್ಕೇರಿ ವಿಪರೀತ ಜ್ವರ ಬಂತು. ಮಾತ್ರೆಗಳಿಗೆ ಬಗ್ಗಲಿಲ್ಲ. ಆಸ್ಪತ್ರೆಗೆ ಸೇರಿಸಿ, ಸಲೈನಿನಲ್ಲಿ ಬೆರೆಸಿ ನೇರವಾಗಿ ರಕ್ತನಾಳಕ್ಕೆ ಮದ್ದು ಕೊಡತೊಡಗಿದರು. ಇದು ಜೋರಿನ ಮದ್ದು, ತೂಕ ನೋಡಿ ಅಳೆದು ನಿಧಾನವಾಗಿ ಇಳಿಸಬೇಕು, ಕಿಡ್ನಿಗೂ ಕಿವಿಗೂ ಪೆಟ್ಟು ಕೊಟ್ಟೀತು ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಕಿವಿಯಲ್ಲಿ ಸದ್ದು ಬಂದರೆ, ತಲೆ ತಿರುಗಿದರೆ, ಮೂತ್ರ ಕಡಿಮೆಯಾದರೆ ಆ ಕ್ಷಣವೇ ಹೇಳಿ ಎಂದಿದ್ದರು. ವ್ಯಾಪಾರಿ ತಲೆಯಾಡಿಸಿದ್ದ.

ಜ್ವರ ಇಳಿಯಿತು. ಗಂಜಿ ರುಚಿಸಿತು. ವ್ಯಾಪಾರಿ ಡಾಕ್ಟರನ್ನು ದೇವರೆಂದ, ನರ್ಸನ್ನು ಮಗಳೆಂದ, ಸಲೈನಿನ ಬಾಟಲಿಗೂ ಕೈ ಮುಗಿದ. ಅದೇ ಹೊತ್ತಿಗೆ ಅವನ ಕಿವಿಯಲ್ಲಿ ಗುಂಯ್ ಎಂಬ ಸಣ್ಣ ಸದ್ದು ಶುರುವಾಯಿತು. ಡಾಕ್ಟರ ಮಾತು ಅವನಿಗೆ ಮರೆತಿರಲಿಲ್ಲ. ಆದರೆ ಬದುಕಿಸಿದವರ ಮುಂದೆ ಕೂತು, ನಿಮ್ಮ ಮದ್ದು ಸರಿಯಿಲ್ಲ ಎನ್ನುವುದು ಹೇಗೆ? ಅವರ ಮುಖ ಸಣ್ಣದಾದರೆ? ಸ್ವಲ್ಪ ದಿನ ತಡೆದುಕೊಂಡರಾಯಿತು ಎಂದುಕೊಂಡ. ನರ್ಸ್ ಬಂದು ವಿಚಾರಿಸಿದಾಗಲೆಲ್ಲ ಆರಾಮ ಎಂದ.

ಒಂದು ದಿನ ಹೆಂಡತಿ ಚೀಲದಲ್ಲಿ ಗೆಜ್ಜೆ ತಂದಳು. ಬಯಲಾಟದವರು ಅವಸರ ಮಾಡುತ್ತಿದ್ದರು, ಆರಿಸಿ ಕೊಡಬೇಕಿತ್ತು. ವ್ಯಾಪಾರಿ ಖುಷಿಯಿಂದ ಎದ್ದು ಕುಳಿತು, ಒಂದನ್ನು ಅಲ್ಲಾಡಿಸಿ, ಚಲೋ ಅದ ಎಂದು ಪಕ್ಕಕ್ಕಿಟ್ಟ. ಹೆಂಡತಿ ನಕ್ಕಳು. ಆ ಗೆಜ್ಜೆಯ ಬಿರುಕು ಕಣ್ಣಿಗೇ ಕಾಣುತ್ತಿತ್ತು. ಗಂಡ ಚೇಷ್ಟೆ ಮಾಡುತ್ತಿದ್ದಾನೆಂದು ಅವಳು ತಿಳಿದಳು. ಅವನು ಅದನ್ನು ಮತ್ತೆ ಅಲ್ಲಾಡಿಸಿದ. ಇನ್ನೂ ಜೋರಾಗಿ ಅಲ್ಲಾಡಿಸಿದ. ವಾರ್ಡಿನವರೆಲ್ಲ ತಿರುಗಿ ನೋಡಿದರು. ಅವನಿಗೆ ಮಾತ್ರ ಗುಂಯ್ ಎಂಬುದರ ಆಚೆ ಏನೂ ಸರಿಯಾಗಿ ಕೇಳಲಿಲ್ಲ. ಕಿವಿಯೇ ಹೋದರೆ ಅಂಗಡಿಯಲ್ಲಿ ಕೂತು ಮಾಡುವುದೇನು ಎಂದು ಹೆದರಿ ಅವನು ಗೆಜ್ಜೆಯನ್ನು ಕೆಳಗಿಟ್ಟ.

ಅಷ್ಟರಲ್ಲಿ ನರ್ಸ್ ಮುಂದಿನ ಸರದಿಯ ಮದ್ದು ಹಿಡಿದು ಬಂದಳು.

"ಹೆಂಗದೀರಿ ಕಾಕಾ?"

"ಆರಾಮ ಅದೀನವಾ." ಬಾಯಿ ತಾನಾಗಿಯೇ ಅಂದುಬಿಟ್ಟಿತು.

"ಆರಾಮಂತ ಆರಾಮ!" ಎಂದಳು ಹೆಂಡತಿ. "ಒಡಕ ಗೆಜ್ಜಿ ಚಲೋ ಅದ ಅಂದ್ರು ನೋಡವಾ. ಇವರ ಕಿವೀಗೆ ಏನೋ ಆಗೇದ. ಸಾಯೂ ಹೊತ್ತಿನ್ಯಾಗೂ ಇವರು ಆರಾಮಂತನ ಹೇಳ್ತಾರ!"

ನರ್ಸ್ ಮದ್ದು ಹಾಕದೆ ಹೋಗಿ ಡಾಕ್ಟರನ್ನು ಕರೆತಂದಳು. ಅವರು ಆ ಮದ್ದನ್ನು ನಿಲ್ಲಿಸಿದರು, ಬೇರೆಯದನ್ನು ಬರೆದರು, ಕಿವಿಯ ಪರೀಕ್ಷೆಗೆ ಹೇಳಿದರು.

"ನಿಮ್ಮ ಮನಸ್ಸಿಗೆ ಬ್ಯಾಸರ ಆಗಬಾರದಂತ ಹೇಳಲಿಲ್ರಿ," ಎಂದ ವ್ಯಾಪಾರಿ.

"ಅಲ್ರೀ ಯಜಮಾನ್ರ, ನಿಮ್ಮ ಕಿಡ್ನಿ ಹೆಂಗದ ಅನ್ನೋದನ್ನ ರಕ್ತ ನೋಡಿ ತಿಳಕೋತೀನಿ. ನಿಮ್ಮ ಕಿವ್ಯಾಗಿನ ಸಪ್ಪಳ ನನಗ ಹೆಂಗ ಕೇಳಬೇಕು?" ಎಂದರು ಡಾಕ್ಟರು.

ಸೋಂಕು ವಾಸಿಯಾಯಿತು. ಕಿವಿಯ ಸದ್ದೂ ಮೆಲ್ಲಗೆ ಇಳಿಯಿತು. ಗಂಟೆಗಳ ನಾದ ಮೊದಲಿನಂತೆಯೇ ಕೇಳಿತು. ತೀರಾ ಸಣ್ಣ ಗೆಜ್ಜೆಗಳ ದನಿ ಮಾತ್ರ ಮರಳಲಿಲ್ಲ. ಮೊದಲ ದಿನವೇ ಹೇಳಿದ್ದರೆ ಅದೂ ಉಳಿಯುತ್ತಿತ್ತೇನೋ ಎಂಬ ದುಃಖ ಅವನಿಗೆ ಇದ್ದೇ ಇತ್ತು. ಸಣ್ಣ ಗೆಜ್ಜೆ ಆರಿಸುವ ಕೆಲಸ ಹೆಂಡತಿಯ ಪಾಲಿಗೆ ಬಂತು. ಅವಳು ಆರಿಸುತ್ತ ಆರಿಸುತ್ತ ಗಂಡನನ್ನು ಬೈಯುವ ಕೆಲಸವನ್ನೂ ಮುಗಿಸುತ್ತಿದ್ದಳು. ವ್ಯಾಪಾರಿಯ ಸಂಕೋಚವಂತೂ ಪೂರ್ತಿ ಹೋಯಿತು. ಯಾರಾದರೂ ಹೇಗಿದ್ದೀರಿ ಎಂದರೆ ಸಾಕು, ಅಂಗಾಲಿನಿಂದ ನೆತ್ತಿಯವರೆಗೆ ವರದಿ ಒಪ್ಪಿಸುತ್ತಿದ್ದ. ಗಿರಾಕಿಗಳು ಆ ಪ್ರಶ್ನೆಯೊಂದನ್ನು ಬಿಟ್ಟು ಬೇರೆಲ್ಲ ಕೇಳಿ, ಗೆಜ್ಜೆ ಕೊಂಡು ಓಡುತ್ತಿದ್ದರು.

ಶಿಷ್ಯ ಗಟ್ಟಿಯಾಗಿ ನಕ್ಕ. "ಅಷ್ಟು ಒಳ್ಳೆಯ ಡಾಕ್ಟರ ಮುಂದೆ ಒಂದು ಮಾತು ಹೇಳಲು ಅವನಿಗೇನು ಕಷ್ಟವಾಗಿತ್ತು, ಗುರುಗಳೇ!" ಎಂದ.

"ನನ್ನ ಪಾಠದಿಂದ ನಿನಗೆ ಎಲ್ಲಿ ನೋಯುತ್ತಿದೆ, ಮಗು?" ಎಂದು ಗುರುಗಳು ಕೇಳಿದರು.

ಏನಿಲ್ಲ ಎನ್ನಲು ಬಾಯಿ ತೆರೆದ ಶಿಷ್ಯ ಆ ಮಾತನ್ನು ನುಂಗಿಕೊಂಡು, ನೋಯುತ್ತಿದ್ದುದನ್ನು ಒಂದೊಂದಾಗಿ ಹೇಳತೊಡಗಿದ.