ಕೋಗಿಲೆ ಕೌದಿ ಒಗದ ಗದಿಗ್ಯಾ

ನೀವು ಹೂಂ ಅಂದ್ರ ನನ್ನ ಕತಿ ನಡೀತೈತಿ, ಸುಮ್ಮನಾದ್ರ ನಿಲ್ಲತೈತಿ. ಅಂದ್ರಿ? ಹಾಂ, ಕೇಳ್ರಿ ಹಂಗಾರ.

ಫಕೀರವ್ವ ಅಂತ ಒಬ್ಬಾಕಿ ಇದ್ಲು. ಆಕಿಗೆ ಗದಿಗ್ಯಾ ಅಂತ ಮಗ. ಮೈ ನೋಡಿದ್ರ ತೊಲಿ, ಬುದ್ಧಿ ನೋಡಿದ್ರ ಸಾಸಿವಿ. ಅವ್ವ ಹೇಳಿದ್ದನ್ನ ಹೇಳಿದಂಗ ಮಾಡ್ತಿದ್ದ. ಅದ ನೋಡ್ರಿ ತ್ರಾಸು!

ಮಗಳು ಶಂಕ್ರವ್ವ ಹಡದು ತವರಾಗ ಇದ್ಲು. ಕೂಸಿನ್ನ ತೊಟ್ಟಿಲಿಗೆ ಹಾಕಾಕ ಬೀಗರು ಬರಾವ್ರು. ಬೀಗತಿ ನಾಲಿಗಿ ಅಂದ್ರ ಕುಡಗೋಲು!

"ಯವ್ವಾ, ತೊಟ್ಟಿಲಿಗೆ ಹಾಸೋ ಕೌದಿ ಚಂದಿಲ್ಲಂದ್ರ ನಮ್ಮತ್ತಿ ಸಾಯೂತನಕ ಆಡಿ ತೋರಿಸ್ತಾಳ," ಅಂತ ಶಂಕ್ರವ್ವ ಕಣ್ಣೀರು ತಗದ್ಲು.

"ಅಳಬ್ಯಾಡ ಮಗಳ. ಹಾಡೋ ಕೋಗಿಲೆ ಚಿತ್ತಾರ ಇಟ್ಟು ಕೌದಿ ಹೊಲೀತೀನಿ. ಏ ಗದಿಗ್ಯಾ, ಸಿಂಪಿಗ್ಯಾರ ಅಂಗಡಿಗೆ ಹೋಗಿ ಒಂದು ತುಂಡು ಕರಿ ಅರಿವಿ ತಗೊಂಬಾ!"

ಹೋದ. ತಂದ. ಅಂಗೈ ಮ್ಯಾಲೆ ಹಾಸ್ಕೊಂಡು ತಂದ. ಗಾಳಿ ಬೀಸಿತು, ಅರಿವಿ ಹಾರಿತು!

"ಯವ್ವಾ, ಕೋಗಿಲೆ ಹಾರಿ ಹೋತು!"

"ಅಯ್ಯ ನನ್ನ ಹಣೇಬಾರ! ತರೂದನ್ನ ಮಡಚಿ, ಬಗಲಾಗ ಅವಚಿಕೊಂಡು ಬರಬೇಕೋ ಮಗನ!"

"ಹೂಂ ಯವ್ವಾ."

ಮರುದಿನ ಸೂಜಿಗೆ ಕಳಿಸಿದ್ಲು. ಹೋದ. ತಂದ. ಮಡಚಿ ತಂದ! ಮುರದ ಸೂಜಿ ಬಗಲಾಗ ಅವಚಿ, "ಯಪ್ಪಾ! ಯವ್ವಾ!" ಅಂತ ಕುಣಕೋತ ಬಂದ.

"ಸೂಜಿ ಮಡಚ್ತಾರೇನೋ ಮಂಗ್ಯಾ! ಸಣ್ಣದು ಕಳೀತೈತಿ. ಸಣ್ಣದನ್ನ ದಾರ ಕಟ್ಟಿ ತರಬೇಕು!"

"ಹೂಂ ಯವ್ವಾ."

ಕಡೀಕ ಫಕೀರವ್ವ ತಾನ ಹೋಗಿ ಎಲ್ಲಾ ತಂದು ಹೊಲ್ಯಾಕ ಕುಂತ್ಲು. ಹೊಲದ್ರ ಕಾಗಿ ಆತು. ಬಿಚ್ಚಿ ಹೊಲದ್ರ ಕೋಳಿ ಆತು. "ಓಣಿ ತುದಿ ನೀಲಜ್ಜಿಗೆ ಗೊತ್ತೈತಿ ಈ ಕಸೂತಿ. ಕರಕೊಂಬಾರೋ!"

ನೀಲಜ್ಜಿ ಬಾಗಿ ಬಾಗಿ ಮೊಳದಷ್ಟ ಆಗಿದ್ಲು. ಗದಿಗ್ಯಾ ನೋಡಿದ. ಸಣ್ಣಾಕಿ! ಅಜ್ಜಿ ನಡಕ್ಕ ದಾರ ಸುತ್ತಿದ, ಓಣಿ ತುಂಬ ಎಳಕೊಂಡು ಬಂದ.

"ಬಿಡೋ ಮೂಳಾ! ನಾ ಏನು ಎಮ್ಮಿಕರ?"

"ಸಣ್ಣಾಕಿ ಅದಿ ಅಜ್ಜಿ, ಕಳದು ಹೋದಿ!"

ಫಕೀರವ್ವ ಹಣಿ ಹಣಿ ಬಡಕೊಂಡ್ಲು. "ಬಂದವರನ್ನ ಕುಂದ್ರಿಸಿ, ಮೊದಲ ಬಾಯಿಗೆ ಏನರ ಹಾಕಬೇಕೋ!"

"ಹೂಂ ಯವ್ವಾ."

ಅಜ್ಜಿ ನಕ್ಕೋತ ಸೂಜಿ ಹಿಡದ್ಲು. ಕರಿ ಮೈ, ಕೆಂಪು ಕಣ್ಣು, ಹಾಡಾಕ ತಗದ ಬಾಯಿ. ಆತು ಕೋಗಿಲೆ! ಕಡೀ ಮೂಲಿ ಮುಚ್ಚೂ ಮುಂದ ಕೌದಿಯೊಳಗ ಒಂದು ರೊಟ್ಟಿ ಚೂರು ಇಟ್ಲು.

"ಅದ್ಯಾಕಜ್ಜಿ?"

"ಕೌದಿ ಹಸದಿರಬಾರದು ತಮ್ಮಾ. ಹಸದ ಕೌದಿ ಬೆಚ್ಚಗ ಇಡಂಗಿಲ್ಲ."

ತೊಟ್ಟಿಲ ದಿನ ಬೀಗತಿ ಬಂದ್ಲು. ಕೌದಿ ತಿರುವಿ ನೋಡಿದ್ಲು, ಮುರುವಿ ನೋಡಿದ್ಲು, ದಾರ ಜಗ್ಗಿ ನೋಡಿದ್ಲು. ಕೊಂಕು ಸಿಗವಲ್ದು!

"ಬಾಯಿ ಏನೋ ತಗದೈತಿ," ಅಂದ್ಲು ಬೀಗತಿ. "ಮತ್ತ ಹಾಡವಲ್ದಲ್ಲ?"

"ಹೆಂಗ ಹಾಡೀತ್ರಿ ಅತ್ತಿ?" ಅಂದ ಗದಿಗ್ಯಾ. "ಕೌದಿ ರೊಟ್ಟಿ ತಿಂದೈತಿ, ಕೋಗಿಲೆ ಉಪವಾಸ ಐತಿ!" ಅಂದವನ, ತುಪ್ಪ ಸುರುವಿದ ಹೋಳಿಗಿ ತಗೊಂಡು ಕೋಗಿಲೆ ಬಾಯಿಗೆ ಒತ್ತಿದ. "ಉಣ್ಣವ್ವಾ, ನಾಚಬ್ಯಾಡ!"

ತುಪ್ಪ ಕೊಕ್ಕಿನಿಂದ ಬಾಲದತನಕ ಇಳೀತು!

"ಸುಟ್ಟ ಬರ್ಲಿ ನಿನ್ನ ಬುದ್ಧಿಗೆ! ಹಳ್ಳಕ್ಕ ಹೋಗಿ ಒಗದು ಬಾ!" ಅಂತ ಚೀರಿದ್ಲು ಫಕೀರವ್ವ.

ಹೋದ. ಒಗದ. ಬರಿಗೈಲೆ ಬಂದ.

"ಕೌದಿ ಎಲ್ಲೋ?"

"ನೀನ ಒಗಿ ಅಂದ್ಯಲ್ಲ ಯವ್ವಾ. ಬೀಸಿ ಒಗದ್ನಿ! ನಡು ಹಳ್ಳಕ್ಕ ಹೋಗಿ ಬಿತ್ತು!"

"ತೊಳಿ ಅಂದ್ರ ಬಿಸಾಕಿ ಬಂದೇನೋ!"

ಎಲ್ಲಾರೂ ಹಳ್ಳಕ್ಕ ಓಡಿದ್ರು. ಕೌದಿ ಜಾಲಿ ಕಂಟಿಗೆ ಸಿಕ್ಕು ನಿಂತಿತ್ತು. ಗದಿಗ್ಯಾ ಎದಿಮಟ ನೀರಿಗಿಳದು ಗಟ್ಟಿ ಹಿಡಕೊಂಡ. ಅಷ್ಟೊತ್ತಿಗೆ ದಂಡಿ ಮ್ಯಾಲಿನ ಬೇವಿನ ಗಿಡದಾಗ ಒಂದು ಖರೇ ಕೋಗಿಲೆ, "ಕುಹೂ!"

"ಕೇಳಿದ್ರೇನ್ರಿ ಅತ್ತಿ? ಉಂಡ ಕೂಡಲೆ ಹಾಡಾಕತ್ತು!"

ಬೀಗತಿ ನಗಾಕ ಹತ್ತಿದ್ಲು ನೋಡ್ರಿ! ಹೊಟ್ಟಿ ಹಿಡಕೊಂಡು ದಂಡಿ ಮ್ಯಾಲ ಕುಂತ್ಲು. ಫಕೀರವ್ವ ಕೈ ಮುಗದು, "ಹುಡುಗಂದು ತಪ್ಪಾತ್ರಿ," ಅಂದ್ಲು.

"ತಪ್ಪೇನು ಬಂತು ಬೀಗತೀ! ಇಂಥಾ ಮಾವ ಇದ್ರ ನನ್ನ ಮೊಮ್ಮಗಗ ನಗೂಕೇನು ಬರಗಾಲ? ಕೌದಿ ಬಗ್ಗೆ ನಾ ಇನ್ನೊಂದು ಮಾತು ಆಡಿದ್ರ ಕೇಳು." ಕಣ್ಣು ಒರಸ್ಕೊಂಡು, ಇನ್ನೂ ಕೌದಿ ಹಿಡದು ನೀರಾಗ ನಿಂತಿದ್ದ ಗದಿಗ್ಯಾನ ಕಡೆ ಕೈ ಬೀಸಿದ್ಲು. "ಹೋಗ್ಲಿ ಬಿಡಪ್ಪಾ, ಬಿಡು!"

"ಹೂಂ ಅತ್ತಿ," ಅಂದ ಗದಿಗ್ಯಾ.

ಬಿಟ್ಟ!

ಹೊಟ್ಟಿ ತುಂಬಿದ ಕೋಗಿಲೆ, ಬಾಯಿ ತಕ್ಕೊಂಡು ತೇಲಕೋತ ಮುಂದಿನೂರಿಗೆ ಹೋತು.